ದ್ರಾಕ್ಷಿಗೆ ಆಯ್ತು, ತೆಂಗಿಗೆ ಆಯ್ತು, ರಾಗಿಗೆ ಯಾವಾಗ?

ಈ ಸಲದ ಬರಹ ಗೊಬ್ಬರದ್ದಲ್ಲ, ಸೈನಿಕ ಹುಳದ್ದೂ ಅಲ್ಲ. ಬಿಯರಿನದ್ದು. ಹೆಸರು ಕೇಳಿದ ಕೂಡಲೇ ಮುಖ ತಿರುಗಿಸಬೇಡಿ. ಪೂರ್ತಿ ಓದಿ, ಆಮೇಲೆ ಬೈಯಿರಿ.

ನಾನು ಹೇಳೋದು ಒಂದೇ ಮಾತು. ರಾಗಿ ಬೆಳೆಯೋನು ತನ್ನ ಮನೆಯಲ್ಲಿ, ತನ್ನ ಮಟ್ಟಿಗೆ, ಒಂದು ಮಿತಿಯೊಳಗೆ ರಾಗಿ ಬಿಯರ್ ಮಾಡಿಕೊಳ್ಳೋಕೆ ಸರ್ಕಾರ ಅವಕಾಶ ಕೊಡಬೇಕು. ಈಗ ಅದು ಅಪರಾಧ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋ ಹಾಗಿಲ್ಲ. ಮಾರೋಕೆ ಅಲ್ಲ, ಮನೆಯವರೇ ಕುಡಿಯೋಕೆ ಅಂದ್ರೂ ಬಿಡೋದಿಲ್ಲ.

ಈಗ ಕೆಂಗೇರಿಯಲ್ಲಿ ಮೆಟ್ರೋ ಹತ್ತಿ. ಅದೇ ನೇರಳೆ ಲೈನಿನಲ್ಲಿ ಹೋಗಿ ಇಂದಿರಾನಗರದಲ್ಲಿ ಇಳೀರಿ. ಅಲ್ಲಿ ಗಾಜಿನ ಗೋಡೆ ಹಿಂದೆ ತಾಮ್ರದ ಹಂಡೆ ಇಟ್ಟು, ನಿಮ್ಮ ಕಣ್ಣೆದುರಿಗೇ ಬಿಯರ್ ಮಾಡಿ ಮಾರ್ತಾರೆ. ಅದಕ್ಕೆ ಲೈಸೆನ್ಸ್ ಇದೆ, ಮರ್ಯಾದೆನೂ ಇದೆ. ಅರ್ಧ ಲೀಟರಿನ ಗ್ಲಾಸು ಮುನ್ನೂರೈವತ್ತು, ನಾನೂರು ರೂಪಾಯಿ. ಅದರ ಬಾರ್ಲಿ ರಾಜಸ್ಥಾನ, ಹರಿಯಾಣದ್ದು, ಇಲ್ಲ ಹಡಗಿನಲ್ಲಿ ಬಂದದ್ದು. ಹಾಪ್ಸ್ ಜರ್ಮನಿದೋ ಅಮೆರಿಕದ್ದೋ. ನಮ್ಮ ರಾಗಿಗೆ 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಅಂದ್ರೆ ಅವರ ಒಂದು ಗ್ಲಾಸಿನ ಬೆಲೆಗೆ ನಾವು ಏಳೆಂಟು ಕೆಜಿ ರಾಗಿ ಅಳೆದು ಕೊಡಬೇಕು. ಅದೂ ಖರೀದಿ ಕೇಂದ್ರದಲ್ಲಿ ಸರದಿ ಸಿಕ್ಕಿದ್ರೆ.

ಮನೆ ಬಿಯರಿಗೆ ಅವಕಾಶ ಕೊಟ್ಟರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ಉದಾಹರಣೆ ಇದೆ. ಅಲ್ಲೂ ಬಹಳ ಕಾಲ ಇದು ಅಪರಾಧವೇ ಆಗಿತ್ತು. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆ, ವಯಸ್ಕನೊಬ್ಬ ವರ್ಷಕ್ಕೆ 100 ಗ್ಯಾಲನ್, ಅಂದ್ರೆ ಸುಮಾರು 378 ಲೀಟರ್, ಮನೆಗಾಗಿ ತೆರಿಗೆ ಇಲ್ಲದೆ ಮಾಡಿಕೊಳ್ಳಬಹುದು ಅಂತು. ಮಾರೋ ಹಾಗಿಲ್ಲ. ಆಮೇಲೆ ನೋಡಿ. ಇಂಗ್ಲೆಂಡಿನಲ್ಲಿ ಬ್ರೌನ್ ಏಲ್ ಅಂತ ಒಂದು ಕಂದು ಬಣ್ಣದ, ಸ್ವಲ್ಪ ಸಿಹಿಯಾದ ಹಳೇ ಬಿಯರ್ ಇತ್ತು. 1980ರ ದಶಕದ ಆರಂಭದಲ್ಲಿ ಟೆಕ್ಸಾಸ್, ಕ್ಯಾಲಿಫೋರ್ನಿಯಾ ಕಡೆಯ ಜನ ಅಡುಗೆಮನೆ ಒಲೆ ಮೇಲೆ ಅದನ್ನೇ ಮಾಡಿ, ತಮ್ಮ ದೇಶದ ಹಾಪ್ಸ್ ಧಾರಾಳವಾಗಿ ಹಾಕಿದ್ರು. ಹಾಪ್ಸ್ ಅಂದ್ರೆ ಒಂದು ಬಳ್ಳಿಯ ಹೂವು, ಬಿಯರಿಗೆ ಕಹಿ, ಪರಿಮಳ ಎರಡೂ ಅದರದ್ದೇ. 1972ರಲ್ಲಿ ಅಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ಅನ್ನೋ ತಳಿಯ ವಾಸನೆ ಹೆಚ್ಚುಕಮ್ಮಿ ನಮ್ಮ ದೇವನಹಳ್ಳಿ ಚಕ್ಕೋತದ ಹಾಗೆ. ಹೀಗೆ ಹುಟ್ಟಿದ್ದೇ ಅಮೆರಿಕನ್ ಬ್ರೌನ್ ಏಲ್. 1986ರಲ್ಲಿ ಪೀಟ್ಸ್ ವಿಕೆಡ್ ಏಲ್ ಅಂತ ಬಾಟಲಿಯಲ್ಲಿ ಅಂಗಡಿಗೂ ಬಂತು. ಅದನ್ನು ತಂದ ಪೀಟ್ ಸ್ಲಾಸ್‌ಬರ್ಗ್ ಕೂಡ ಮನೆಯಲ್ಲಿ ಮಾಡಿ ಕಲಿತವನೇ. ದೊಡ್ಡ ಕಂಪನಿ ಕಂಡುಹಿಡಿದದ್ದಲ್ಲ, ಒಲೆ ಮುಂದೆ ಕೂತವರು ಕಂಡುಹಿಡಿದದ್ದು. ಅಲ್ಲಿಯ ಹಾಪ್ಸ್ ಬೆಳೆಗಾರನಿಗೆ ಹೊಸ ಗಿರಾಕಿ ಹುಟ್ಟಿದ್ದೂ ಅಲ್ಲಿಂದಲೇ.

ರಾಗಿಗೆ ಆ ಯೋಗ್ಯತೆ ಇದೆಯಾ ಅಂತ ಕೇಳ್ತೀರಿ. ಇದೆ. ಮೊಳಕೆ ಕಟ್ಟಿ, ಒಣಗಿಸಿ, ಬೀಸಿ ಮಗುವಿಗೆ ಕೊಡ್ತೀವಲ್ಲ ರಾಗಿ ಮಾಲ್ಟ್, ಬಿಯರಿನ ಮೊದಲ ಹೆಜ್ಜೆನೂ ಅದೇ. ಮೊಳಕೆಯಲ್ಲಿ ಹುಟ್ಟೋ ಕಿಣ್ವ ಹಿಟ್ಟಿನ ಪಿಷ್ಟವನ್ನು ಸಕ್ಕರೆ ಮಾಡುತ್ತೆ, ಆ ಸಕ್ಕರೆಯನ್ನು ಯೀಸ್ಟ್ ತಿಂದು ಬಿಯರ್ ಮಾಡುತ್ತೆ. ಸಿಕ್ಕಿಂ, ಡಾರ್ಜಿಲಿಂಗ್ ಕಡೆ ಹುಳಿಸಿದ ರಾಗಿಯನ್ನು ಬಿದಿರಿನ ಲೋಟಕ್ಕೆ ತುಂಬಿ, ಬಿಸಿನೀರು ಹೊಯ್ದು ಕೊಳವೆಯಲ್ಲಿ ಹೀರ್ತಾರೆ, ತೋಂಗ್ಬಾ ಅಂತಾರೆ. ಉಗಾಂಡದಲ್ಲಿ ಒಂದು ಮಡಕೆ ಸುತ್ತ ಕೂತು ಉದ್ದನೆ ಕೊಳವೆಯಲ್ಲಿ ಕುಡಿಯೋ ಮಲ್ವಾನೂ ರಾಗಿದೇ. ದೇಶದಲ್ಲೇ ಹೆಚ್ಚು ರಾಗಿ ಬೆಳೆಯೋ ನಮ್ಮ ರಾಜ್ಯಕ್ಕೆ ಮಾತ್ರ ಇದು ಕಾನೂನುಬಾಹಿರ.

ನಮ್ಮ ಅಣ್ಣನ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿಯ ಕಾನೂನಿನೊಳಗೆ ಗ್ಯಾರೇಜಿನಲ್ಲಿ ರಾಗಿ ಹಾಕಿ ಬ್ರೌನ್ ಏಲ್ ಮಾಡ್ತಾನೆ, ವಿಡಿಯೋ ಕಾಲಿನಲ್ಲಿ ತೋರಿಸ್ತಾನೆ. ಲೆಕ್ಕ ಹೇಳ್ತೀನಿ ಕೇಳಿ. 20 ಲೀಟರಿಗೆ ಬಾರ್ಲಿ ಮಾಲ್ಟ್ 3 ಕೆಜಿ, ಮೊಳಕೆ ರಾಗಿ 2 ಕೆಜಿ, ಕಾಫಿ ಬೀಜದಂತೆ ಕಪ್ಪಗೆ ಹುರಿದ ರಾಗಿ ಕಾಲು ಕೆಜಿ. ಕಂದು ಬಣ್ಣ ಬರೋದು ಈ ಹುರಿದದ್ದರಿಂದ. ಎಲ್ಲಾ ರಾಗಿ ಹುರಿದ್ರೆ ಕಿಣ್ವ ಸತ್ತು ಹೋಗುತ್ತೆ. ರಾಗಿಯ ಪಿಷ್ಟ ಬಾರ್ಲಿಯಷ್ಟು ಸಲೀಸಾಗಿ ಬಿಟ್ಟುಕೊಡಲ್ಲ, ಅದಕ್ಕೆ ರಾಗಿಯನ್ನು ಮೊದಲು ಅಂಬಲಿ ತರ ಕಾಯಿಸಿ, ಆರಿಸಿ, ಬಾರ್ಲಿ ಜೊತೆ 66 ಡಿಗ್ರಿಯಲ್ಲಿ ಒಂದು ಗಂಟೆ ಇಡ್ತಾನೆ. ರಾಗಿಗೆ ಬಾರ್ಲಿ ತರ ಸಿಪ್ಪೆ ಇಲ್ಲ, ಸೋಸುವಾಗ ಗೊಜ್ಜಿನಂತೆ ಕಟ್ಟಿಕೊಳ್ಳುತ್ತೆ. ಎರಡು ಹಿಡಿ ತೊಳೆದ ಭತ್ತದ ಹೊಟ್ಟು ಬೆರೆಸಿದ್ರೆ ಸರಾಗ. ಸೋಸಿದ ನೀರನ್ನು ಒಂದು ಗಂಟೆ ಕುದಿಸಿ, ಮೊದಲು, ಕೊನೆಗೆ, ಇಳಿಸಿದ ಮೇಲೆ, ಹೀಗೆ ಮೂರು ಸಲ ಸೇರಿ ಸುಮಾರು 80 ಗ್ರಾಂ ಹಾಪ್ಸ್. ತಣ್ಣಗೆ ಮಾಡಿ ಯೀಸ್ಟ್ ಹಾಕಿ ಎರಡು ವಾರ, ಬಾಟಲಿಯಲ್ಲಿ ಇನ್ನೆರಡು ವಾರ. ಆಲ್ಕೋಹಾಲು ನೂರಕ್ಕೆ ಐದರ ಹತ್ತಿರ. ಉಳಿಯೋ ಚರಟ ಹಸುವಿಗೆ. ಕಂಪನಿಗಳ ಬಿಯರ್ ಹೊಟ್ಟು ನಮ್ಮ ಕಡೆ ಹಸುಗಳಿಗೆ ಹೊಸದೇನಲ್ಲ.

ಹಾಪ್ಸ್ ನಮ್ಮಲ್ಲಿ ಚೆನ್ನಾಗಿ ಆಗಲ್ಲ. ಅದಕ್ಕೆ ಬೇಸಿಗೆಯಲ್ಲಿ ನಮಗಿಂತ ಉದ್ದನೆ ಹಗಲು ಬೇಕು. ಕೊಂಡು ತರಬೇಕು, ನಿಜ. ಆದ್ರೆ 80 ಗ್ರಾಂ ಕೊಳ್ಳೋದಕ್ಕೂ ಇಡೀ ಬಿಯರನ್ನೇ ಕೊಳ್ಳೋದಕ್ಕೂ ವ್ಯತ್ಯಾಸ ಇಲ್ವಾ?

ಈಗ ವಿರೋಧದ ಮಾತಿಗೆ ಬರ್ತೀನಿ.

ಮೊದಲನೇದು ನಮ್ಮ ಅಕ್ಕತಂಗಿಯರದ್ದು. ಕುಡಿತದಿಂದ ಮನೆ ಹಾಳಾಗಿದೆ, ಇನ್ನೊಂದು ದಾರಿ ಯಾಕೆ ತೋರಿಸ್ತೀರಿ ಅಂತಾರೆ. ಈ ಮಾತನ್ನು ನಾನು ತಳ್ಳಿ ಹಾಕಲ್ಲ. ಕುಡಿತದ ಗೋಳು ಇರೋ ಮನೆಗೆ ಈ ಡ್ರಮ್ಮು ಬೇಡವೇ ಬೇಡ. ಆದ್ರೆ ಒಂದು ಲೆಕ್ಕ ನೋಡಿ. 2007ರ ಜುಲೈ 1ಕ್ಕೆ ಸಾರಾಯಿ ನಿಂತಿತು. ಕುಡಿತ ನಿಂತಿತಾ? ಪ್ಯಾಕೆಟ್ ಹೋಗಿ ಟೆಟ್ರಾ ಪ್ಯಾಕ್ ಬಂತು. ಒಂದು ಕ್ವಾರ್ಟರ್ ವಿಸ್ಕಿಯಲ್ಲಿರೋ ಆಲ್ಕೋಹಾಲು ಈ ಬಿಯರಿನ ಒಂದೂವರೆ ಲೀಟರಿಗೆ ಸಮ. ಕ್ವಾರ್ಟರ್ ಐದು ನಿಮಿಷದಲ್ಲಿ ಖಾಲಿ. ಇದಕ್ಕೆ ಮೊಳಕೆಯಿಂದ ಲೋಟದವರೆಗೆ ಒಂದು ತಿಂಗಳ ಮೇಲೆ ಬೇಕು. ಕುಡುಕನಿಗೆ ಒಂದು ತಿಂಗಳು ಕಾಯೋ ತಾಳ್ಮೆ ಇರುತ್ತಾ ಹೇಳಿ?

ಎರಡನೇದು ಕಳ್ಳಬಟ್ಟಿ ಭಯ. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ, 2008ರಲ್ಲಿ ಬೆಂಗಳೂರು, ಕೋಲಾರ, ಕೃಷ್ಣಗಿರಿ ಕಡೆ ನೂರಕ್ಕೂ ಹೆಚ್ಚು ಜನ ಸತ್ತರು. ಅವರನ್ನು ಕೊಂದದ್ದು ಹುದುಗಿಸಿದ ಧಾನ್ಯ ಅಲ್ಲ, ಮೆಥನಾಲ್ ಬೆರೆತ ಕಳ್ಳ ಮದ್ಯ. ನಾನು ಬಟ್ಟಿ ಇಳಿಸೋಕೆ ಅನುಮತಿ ಕೇಳ್ತಿಲ್ಲ. ಹುದುಗಿಸೋದು ಬೇರೆ, ಬಟ್ಟಿ ಇಳಿಸೋದು ಬೇರೆ. ಎರಡಕ್ಕೂ ಒಂದೇ ಕೋಳ ಯಾಕೆ?

ಮೂರನೇದನ್ನು ಸರ್ಕಾರ ಬಾಯಿಬಿಟ್ಟು ಹೇಳಲ್ಲ. 2025-26ರ ಬಜೆಟ್ಟಿನಲ್ಲಿ ಅಬಕಾರಿಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ಕುಡಿಯಬೇಡಿ ಅನ್ನೋ ಸರ್ಕಾರಕ್ಕೆ ಇಷ್ಟು ಗುರಿ ಯಾಕೆ ಬೇಕು? ಕುಡೀರಿ, ಆದ್ರೆ ನಮ್ಮ ಅಂಗಡಿಯದ್ದೇ ಕುಡೀರಿ ಅನ್ನೋದು ಇದರ ಅರ್ಥ. ನಮ್ಮ 20 ಲೀಟರ್ ಡ್ರಮ್ಮಿನಿಂದ ಆ ಖಜಾನೆ ಬರಿದಾಗಲ್ಲ ಬಿಡಿ.

ಬೆಳೆದವನಿಗೂ ಒಂದು ದಾರಿ ಇರಲಿ ಅನ್ನೋದನ್ನು ಸರ್ಕಾರ ಒಪ್ಪಿರೋದು ಹೊಸದೇನಲ್ಲ. ಸಾರಾಯಿ ನಿಲ್ಲಿಸಿದ ಅದೇ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದರು. ದ್ರಾಕ್ಷಿ ರೈತ ಬದುಕಲಿ ಅಂದರು, ಸಂತೋಷ. ತೆಂಗಿನ ನೀರಾ ಕಥೆ ನಿಮಗೆ ಗೊತ್ತು. ನುಸಿ ಪೀಡೆ ಬಂದು ಕಾಯಿ ಹೋದಾಗ ರೈತರು ನೀರಾ ಇಳಿಸೋಕೆ ಬಿಡಿ ಅಂತ ಬೀದಿಗೆ ಬಂದರು. 2001ರಲ್ಲಿ ಇದೇ ಮೈಸೂರು ರಸ್ತೆ ಸೀಮೆಯ ಚನ್ನಪಟ್ಟಣ ತಾಲೂಕು ವಿಠಲೇನಹಳ್ಳಿಯಲ್ಲಿ ಗೋಲಿಬಾರ್ ಆಗಿ ರೈತರು ಪ್ರಾಣ ಬಿಟ್ಟರು. ಅನುಮತಿ ಬಂದದ್ದು 2017ರಲ್ಲಿ. ಹದಿನಾರು ವರ್ಷ! ನೀರಾ ಮತ್ತು ಬರಿಸೋ ಪಾನೀಯ ಕೂಡ ಅಲ್ಲ ಸ್ವಾಮಿ. ದ್ರಾಕ್ಷಿಗೆ ನೀತಿ, ತೆಂಗಿಗೆ ನಿಯಮ, ರಾಗಿಗೆ ಮಾತ್ರ ಕೇಸು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂದ್ರೆ ಇದೇ ಅಲ್ವಾ?

ಕೇಳಬೇಕಾದದ್ದು ಇಷ್ಟು. ಒಂದು ಮನೆಗೆ ತಿಂಗಳಿಗೆ 20 ಲೀಟರ್. ಮಾರಾಟ ಇಲ್ಲ. ಬಟ್ಟಿ ಇಲ್ಲ. ಪಂಚಾಯ್ತಿಯಲ್ಲಿ ಹೆಸರು ಬರೆಸೋದು. ನಗರದಲ್ಲಿ ಮಾಡಿ ಮಾರೋರು ಇಂತಿಷ್ಟು ಭಾಗ ನಮ್ಮ ರಾಗಿ ಮಾಲ್ಟ್ ಬಳಸಬೇಕು ಅನ್ನೋ ನಿಯಮ.

ಕಾನೂನು ಬದಲಾಗೋವರೆಗೆ ಯಾರೂ ಹಂಡೆ ಇಡೋಕೆ ಹೋಗಬೇಡಿ. ಜಾಮೀನಿಗೆ ಓಡಾಡೋ ಖರ್ಚು ರಾಗಿಯಲ್ಲಿ ಹುಟ್ಟಲ್ಲ. ಆದ್ರೆ ಮೊಳಕೆ ಕಟ್ಟಿ ಮಾಲ್ಟ್ ಮಾಡೋದಕ್ಕೆ ಅಬಕಾರಿಯವರ ಅಡ್ಡಿ ಇಲ್ಲ. ಈ ಸಲದ ಜಿಪಿಯು-28 ಕಣಕ್ಕೆ ಬಂದ ಮೇಲೆ ಹತ್ತು ಜನ ಸೇರಿ ಎರಡು ಕ್ವಿಂಟಾಲ್ ಮಾಲ್ಟ್ ಮಾಡೋಣ, ಇಂದಿರಾನಗರದ ಹಂಡೆಯವರಿಗೆ ಮಾದರಿ ತೋರಿಸೋಣ. ಮುಂದಿನ ಗ್ರಾಮಸಭೆಯಲ್ಲಿ ಮನೆ ಬಿಯರಿನ ಬೇಡಿಕೆಯನ್ನು ನಾನು ಬರೆದು ಕೊಡ್ತೀನಿ. ಸಹಿ ಹಾಕೋರು ಕೆಳಗೆ ಊರಿನ ಹೆಸರು ಬರೀರಿ. ಬೈಯೋರೂ ಬರೀರಿ, ಆದ್ರೆ ಯಾಕೆ ಅಂತ ಕಾರಣ ಕೊಡಿ.