ಸ್ಟೇಷನ್ನಿನ ಪುಕ್ಕಟೆ ವೈಫೈ, ನಮ್ಮ ಮನೆಯ ಟಪಾಲು



ಈ ಸಲ ತುರುವೇಕೆರೆ ಕಡೆಯ ಗೃಹಿಣಿಯೊಬ್ಬರ ಪ್ರಶ್ನೆ ಎತ್ತಿಕೊಂಡಿದ್ದೇನೆ. ಮಗಳನ್ನು ಹಾಸ್ಟೆಲಿಗೆ ಸೇರಿಸಿ, ಬೆಂಗಳೂರು ಮೆಜೆಸ್ಟಿಕ್ ಸ್ಟೇಷನ್ನಿನಲ್ಲಿ ತಿಪಟೂರು ರೈಲಿಗೆ ಕಾಯುತ್ತಿದ್ದರಂತೆ. ಫೋನಿನಲ್ಲಿ ಡೇಟಾ ಮುಗಿದಿತ್ತು. ಫೀಸಿನ ರಸೀದಿ ಈ-ಮೇಲಿಗೆ ಬಂತೋ ಇಲ್ಲವೋ ನೋಡೋಣ ಅಂತ ಸ್ಟೇಷನ್ನಿನ ವೈಫೈಗೆ ಸೇರಲು ಹೊರಟರು. ಜೊತೆಗಿದ್ದ ಓರಗಿತ್ತಿ ಥಟ್ಟನೆ, "ಬೇಡ ಅಕ್ಕ, ಊರೋರೆಲ್ಲ ಸೇರೋ ವೈಫೈನಲ್ಲಿ ಮೇಲ್ ತೆಗೆದ್ರೆ ಕೊಬ್ಬರಿ ಮಾರಿದ ದುಡ್ಡೆಲ್ಲ ಬ್ಯಾಂಕಿನಿಂದ ಹೋಗಿಬಿಡುತ್ತೆ" ಅಂದರಂತೆ. ಇದು ನಿಜವೆ ಎಂಬುದು ಅವರ ಪ್ರಶ್ನೆ.

ಅರ್ಧ ನಿಜ, ಅರ್ಧ ಹಳೆಯ ಭಯ.

ಒಂದು ಕಾಲದಲ್ಲಿ ವೈಫೈ ಮೇಲೆ ಹೋಗುವ ಟಪಾಲು ಅಂಚೆ ಕಾರ್ಡಿನ ಹಾಗಿತ್ತು. ದಾರಿಯಲ್ಲಿ ಯಾರು ಬೇಕಾದರೂ ಓದಬಹುದಿತ್ತು. 2010ರಲ್ಲಿ ಅಮೆರಿಕದ ಎರಿಕ್ ಬಟ್ಲರ್ ಎಂಬುವರು 'ಫೈರ್‌ಶೀಪ್' ಎಂಬ ಸಾಧನ ಮಾಡಿ, ಒಂದೇ ವೈಫೈಯಲ್ಲಿ ಕೂತವರು ಪಕ್ಕದವರ ಖಾತೆಯೊಳಗೆ ಎಷ್ಟು ಸುಲಭವಾಗಿ ನುಗ್ಗಬಹುದು ಎಂದು ಜಗತ್ತಿಗೇ ತೋರಿಸಿಬಿಟ್ಟರು. ಅದೇ ವರ್ಷದ ಜನವರಿಯಲ್ಲಿ ಜೀಮೇಲ್ ತನ್ನ ಟಪಾಲನ್ನೆಲ್ಲ ಬೀಗ ಹಾಕಿಯೇ ಕಳಿಸುವ ಪದ್ಧತಿಗೆ ಬಂದಿತ್ತು. ಆಮೇಲೆ ಉಳಿದ ಕಂಪನಿಗಳೂ ಒಂದೊಂದಾಗಿ ಅದೇ ದಾರಿ ಹಿಡಿದವು. ವಿಳಾಸದ ಮೊದಲಲ್ಲಿ ಬರುವ 'ಎಚ್‌ಟಿಟಿಪಿಎಸ್' ಎಂಬುದರ ಅರ್ಥ ಇದೇ.

ನಮ್ಮ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಅಟ್ಟಕ್ಕೆ ಹಾಕಿದ ಕಾಯಿ ತಿಂಗಳುಗಟ್ಟಲೆ ಚಿಪ್ಪಿನೊಳಗೇ ಕೊಬ್ಬರಿಯಾಗುತ್ತದಲ್ಲವೆ? ಅಟ್ಟದಲ್ಲಿ ಕಾಯಿ ಇದೆ ಎಂದು ಬಂದವರಿಗೆ ಕಾಣುತ್ತೆ, ಒಳಗಿನ ಕೊಬ್ಬರಿ ಕಾಣುವುದಿಲ್ಲ. ಹಾಗೆಯೇ ನೀವು ಜೀಮೇಲ್ ತೆರೆದಿರಿ ಎಂಬುದು ವೈಫೈ ನಡೆಸುವವನಿಗೆ ತಿಳಿಯಬಹುದು, ಒಳಗಿನ ಕಾಗದ ಓದಲು ಬರುವುದಿಲ್ಲ. ಆದ್ದರಿಂದ ಫೋನಿನ ಸ್ವಂತ ಮೇಲ್ ಆಪ್‌ನಲ್ಲಿ ರಸೀದಿ ನೋಡಿದ ಮಾತ್ರಕ್ಕೆ ದುಡ್ಡು ಹೋಗುವುದಿಲ್ಲ.

ಹಾಗಾದರೆ ಮೋಸ ಎಲ್ಲಿ? ಚಿಪ್ಪನ್ನು ನಮ್ಮ ಕೈಯಿಂದಲೇ ಒಡೆಸುವುದರಲ್ಲಿ.

ಮೊದಲನೆಯದು ಹೆಸರು. ರೈಲು ನಿಲ್ದಾಣಗಳ ವೈಫೈಗೆ 'ರೈಲ್‌ವೈರ್' ಅಂತ ಹೆಸರು. ಆದರೆ ಪಕ್ಕದ ಬೆಂಚಿನವನೂ ತನ್ನ ಫೋನಿನ ವೈಫೈಗೆ ಅದೇ ಹೆಸರು ಇಡಬಹುದು, ತಡೆಯುವವರಿಲ್ಲ. ನಿಜವಾದದ್ದು ನಿಮ್ಮ ಮೊಬೈಲ್ ನಂಬರು, ಅದಕ್ಕೆ ಬರುವ ಓಟಿಪಿ ಕೇಳುತ್ತೆ. ವೈಫೈ ಕೊಡಲು ನಿಮ್ಮ ಮೇಲಿನ ಪಾಸ್‌ವರ್ಡ್ ಕೇಳಿದರೆ, ಅಥವಾ ಬ್ಯಾಂಕು ಕಳಿಸಿದ ಓಟಿಪಿ ಕೇಳಿದರೆ, ಅದು ಕಳ್ಳನ ಮನೆ. ತಕ್ಷಣ ಹೊರಬನ್ನಿ.

ಎರಡನೆಯದು ಎಚ್ಚರಿಕೆ. 'ಈ ಸಂಪರ್ಕ ಸುರಕ್ಷಿತವಲ್ಲ' ಎಂದು ಫೋನೇ ಕೂಗಿ ಹೇಳಿದಾಗ, ಅವಸರದಲ್ಲಿ 'ಮುಂದುವರಿಸಿ' ಒತ್ತಬೇಡಿ. ರಸೀದಿಯನ್ನು ಮನೆಗೆ ಹೋಗಿ ನೋಡಿದರಾಯಿತು.

ಮೂರನೆಯದು ಬೇರೆಯವರ ಯಂತ್ರ. ವೈಫೈಗಿಂತ ಇದೇ ಹೆಚ್ಚು ಅಪಾಯ. ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಮೇಲ್ ತೆರೆದು, ಮುಚ್ಚದೆ ಎದ್ದು ಬಂದರೆ ಮನೆ ಬಾಗಿಲು ತೆರೆದಿಟ್ಟು ಜಾತ್ರೆಗೆ ಹೋದ ಹಾಗೆ. ಇನ್ನೂ ಒಂದು ಮಾತು. ನಮ್ಮಲ್ಲಿ ಎಷ್ಟೋ ಜನಕ್ಕೆ ಮೇಲ್ ಮಾಡಿಕೊಟ್ಟವನು ಸೆಂಟರಿನ ಹುಡುಗ. ಪಾಸ್‌ವರ್ಡ್ ಅವನಿಗೂ ಗೊತ್ತು, ಮರೆತಾಗ ಓಟಿಪಿ ಬರುವ ನಂಬರೂ ಅವನದೇ ಇರಬಹುದು. ಅವನು ಒಳ್ಳೆಯವನೇ ಇದ್ದಾನು, ಆದರೂ ಬೀರುವಿನ ಬೀಗದಕೈ ಊರವರ ಹತ್ತಿರ ಬಿಡುತ್ತೇವೆಯೆ? ಈ ಮೇಲ್ ಬರಿಯ ಕಾಗದದ ಪೆಟ್ಟಿಗೆಯಲ್ಲ ತಾಯಿ, ಎಷ್ಟೋ ಖಾತೆಗಳ ಪಾಸ್‌ವರ್ಡ್ ಮರೆತರೆ ಹೊಸದು ಮಾಡುವ ಕೊಂಡಿ ಬರುವುದು ಇಲ್ಲಿಗೇ.

ಇವತ್ತು ಮಧ್ಯಾಹ್ನ ಅಡಿಗೆ ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಕೂತು ಇಷ್ಟು ಮಾಡಿ. ಮಗನನ್ನೋ ಸೊಸೆಯನ್ನೋ ಪಕ್ಕದಲ್ಲಿ ಕೂರಿಸಿಕೊಂಡರೂ ಸರಿಯೆ. ಪಾಸ್‌ವರ್ಡ್ ಬದಲಾಯಿಸಿ. ಮರೆತಾಗ ಓಟಿಪಿ ಬರುವ ನಂಬರು ನಿಮ್ಮದೇ ಮಾಡಿ. ಎರಡು ಹಂತದ ಬೀಗ ಹಾಕಿ, ಆಗ ಪಾಸ್‌ವರ್ಡ್ ಕದ್ದವನಿಗೂ ಸುಲಭವಾಗಿ ಒಳಗೆ ಬರಲಾಗುವುದಿಲ್ಲ. ಮೇಲ್ ಯಾವ ಯಾವ ಯಂತ್ರದಲ್ಲಿ ತೆರೆದಿದೆ ಎಂಬ ಪಟ್ಟಿ ನೋಡಿ, ಗುರುತಿಲ್ಲದ್ದನ್ನು ಹೊರಹಾಕಿ. ಬ್ಯಾಂಕಿನ ವ್ಯವಹಾರವನ್ನು ಮಾತ್ರ ಸ್ವಂತ ಡೇಟಾದಲ್ಲೇ ಇಟ್ಟುಕೊಳ್ಳಿ.

ಅಕಸ್ಮಾತ್ ದುಡ್ಡು ಹೋಯಿತೋ, ಮನೆಯವರು ಬೈದಾರೆಂದು ಮುಚ್ಚಿಡಬೇಡಿ. ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಹಣವನ್ನು ನಡುದಾರಿಯಲ್ಲಿ ತಡೆಯುವ ಅವಕಾಶ ಹೆಚ್ಚು.

ತುರುವೇಕೆರೆಯ ಸೋದರಿ, ನಿಮ್ಮ ಓರಗಿತ್ತಿ ಎಚ್ಚರಿಸಿದ್ದು ಒಳ್ಳೆಯದೇ ಆಯಿತು. ಇದನ್ನು ಅವರಿಗೂ ಓದಿ ಹೇಳಿ.