ಗೋಧಿ ಬಿಡಿಸುವ ಮುನ್ನ ಒಂದು ರಕ್ತಪರೀಕ್ಷೆ

ನನ್ನ ಮಗಳು ಮೂರು ವರ್ಷ ಒಂದೇ ಅಳತೆಯ ಸಮವಸ್ತ್ರ ತೊಟ್ಟಳು. ಉಬ್ಬಿದ ಹೊಟ್ಟೆ, ಆಗಾಗ ಭೇದಿ, ಬಿಳಿಚಿಕೊಂಡ ಮುಖ. ಜಂತುಹುಳುವಿಗೆ ಔಷಧಿ ಕೊಟ್ಟರು, ಕಬ್ಬಿಣಾಂಶದ ಸಿರಪ್ ಬರೆದರು. ಬಾಟಲಿಗಳು ಖಾಲಿಯಾದವೇ ಹೊರತು ಹಿಮೋಗ್ಲೋಬಿನ್ ಏರಲಿಲ್ಲ. ಮೈಯಲ್ಲಿ ಶಕ್ತಿ ತುಂಬಲೆಂದು ನಾವು ರಾತ್ರಿ ಅನ್ನದ ಬದಲು ಚಪಾತಿ ರೂಢಿಸಿದೆವು, ಹಾಲಿಗೆ ಮಾಲ್ಟ್ ಪುಡಿ ಬೆರೆಸಿದೆವು. ಆ ಪುಡಿಯಲ್ಲಿ ಬಾರ್ಲಿ, ಗೋಧಿ ಇವೆಯೆಂದು ಡಬ್ಬಿಯ ಮೇಲೆಯೇ ಅಚ್ಚಾಗಿತ್ತು.

ಬಂಧುಗಳೊಬ್ಬರ ಮಾತಿನಂತೆ ಗೋಧಿ ನಿಲ್ಲಿಸಿದೆವು. ತಿಂಗಳೊಳಗೆ ಹೊಟ್ಟೆ ಇಳಿಯಿತು. ಗೆದ್ದೆವೆಂದುಕೊಂಡೆವು. ಕೆಲವು ತಿಂಗಳ ಬಳಿಕ ಮಕ್ಕಳ ಜಠರ ತಜ್ಞರೊಬ್ಬರು ಸೀಲಿಯಾಕ್ ಕಾಯಿಲೆಯ ಶಂಕೆಯಿಂದ ರಕ್ತ ಪರೀಕ್ಷಿಸಿದರು. ಫಲಿತಾಂಶ ಯಾವುದನ್ನೂ ಖಚಿತಪಡಿಸಲಿಲ್ಲ. ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟೆನ್‌ಗೆ ಪ್ರತಿಯಾಗಿ ದೇಹ ತನ್ನ ಸಣ್ಣ ಕರುಳಿನ ಮೇಲೆಯೇ ದಾಳಿ ಮಾಡುವುದು ಈ ಕಾಯಿಲೆ. ಗ್ಲುಟೆನ್ ನಿಂತರೆ ರಕ್ತದಲ್ಲಿನ ಪ್ರತಿಕಾಯಗಳು ಇಳಿಯುತ್ತವೆ, ಕರುಳು ಮಾಯತೊಡಗುತ್ತದೆ. ಪತ್ತೆಗೆ ಬೇಕಾದ ಸಾಕ್ಷ್ಯವೇ ಅಳಿಯುತ್ತದೆ. ಮತ್ತೆ ಆರರಿಂದ ಎಂಟು ವಾರ ಗೋಧಿ ತಿನ್ನಿಸಿ ಎಂದರು ವೈದ್ಯರು.

ದಿನವೂ ಬೆಳಿಗ್ಗೆ ಎರಡು ತುಂಡು ಬ್ರೆಡ್ ನಾನೇ ಕೈಯಾರೆ ತಿನ್ನಿಸಿದೆ. ‘ಅಮ್ಮ, ಇದು ತಿಂದರೆ ಹೊಟ್ಟೆ ನೋಯುತ್ತೆ ಅಂತ ನೀನೇ ಹೇಳಿದ್ದೆಯಲ್ಲ’ ಎಂದಳು. ಉತ್ತರವಿರಲಿಲ್ಲ. ಎಂಟನೆಯ ವಾರ ರಕ್ತಪರೀಕ್ಷೆಯೂ ಎಂಡೋಸ್ಕೋಪಿಯಲ್ಲಿ ತೆಗೆದ ಕರುಳಿನ ಚೂರೂ ಒಂದೇ ಮಾತು ಹೇಳಿದವು.

ಮೊದಲ ಮೂರು ವರ್ಷ ಯಾರೂ ಇದನ್ನು ಏಕೆ ಶಂಕಿಸಲಿಲ್ಲ? ‘ಅದು ಉತ್ತರ ಭಾರತದವರ ಕಾಯಿಲೆ’ ಎಂದು ಒಬ್ಬ ವೈದ್ಯರು ನನಗೇ ಹೇಳಿದ್ದರು. ಪೂರ್ಣ ಸುಳ್ಳಲ್ಲ. 2016ರಲ್ಲಿ ಪ್ರಕಟವಾದ, ದೇಶದ ಮೂರು ವಲಯಗಳ ವಯಸ್ಕರ ಅಧ್ಯಯನದಲ್ಲಿ ಉತ್ತರದಲ್ಲಿ ಶೇ 1.23, ದಕ್ಷಿಣದಲ್ಲಿ ಶೇ 0.10 ಮಂದಿಯ ರಕ್ತದಲ್ಲಿ ಇದರ ಪ್ರತಿಕಾಯಗಳು ಕಂಡುಬಂದಿದ್ದವು. ಆದರೆ ಸಾವಿರಕ್ಕೊಬ್ಬರೆಂದರೆ ಬೆಂಗಳೂರಿನಂಥ ನಗರದಲ್ಲಿ ಕೆಲವು ಸಾವಿರ ಮಂದಿ. ಅದೇ ಅಧ್ಯಯನದಲ್ಲಿ ದಕ್ಷಿಣದವರ ದಿನದ ಗೋಧಿ ಸೇವನೆ ಸುಮಾರು 25 ಗ್ರಾಂ. ಉಪ್ಪಿಟ್ಟು, ಪೂರಿ, ನೂಡಲ್ಸ್, ಬಿಸ್ಕತ್ತುಗಳ ನಡುವೆ ಬೆಳೆಯುವ ನಮ್ಮ ನಗರದ ಮಕ್ಕಳ ಲೆಕ್ಕ ಅಷ್ಟಕ್ಕೇ ನಿಂತೀತೆಂದು ನನಗನ್ನಿಸುವುದಿಲ್ಲ.

ಗೋಧಿ ಬಿಟ್ಟು ಗುಣವಾದರೆ ಸಾಕಲ್ಲವೇ, ಪರೀಕ್ಷೆ ಏಕೆ ಎಂದು ಕೇಳುವವರಿದ್ದಾರೆ. ಪಥ್ಯ ಆಜೀವ ಪರ್ಯಂತದ್ದು, ಅದೂ ಚೂರೂ ರಿಯಾಯಿತಿಯಿಲ್ಲದ್ದು. ಅಂಗಡಿಯ ಕೂಟು ಇಂಗಿನಲ್ಲಿ ಬಹುಪಾಲು ಗೋಧಿಹಿಟ್ಟು ಬೆರೆತಿರುತ್ತದೆ. ಹಾಗಾಗಿ ಅಕ್ಕಿ, ರಾಗಿ, ಜೋಳ ನಿರಪಾಯವಾದರೂ ತಿಳಿಸಾರು ನಿರಪಾಯವಲ್ಲ. ಸತ್ಯನಾರಾಯಣ ಪೂಜೆಯ ರವೆಯ ಪ್ರಸಾದ ಬೇಡವೆಂದರೆ ‘ಒಂದು ಚಿಟಿಕೆಗೆ ಏನಾಗುತ್ತೆ’ ಎನ್ನುವ ಹಿರಿಯರ ಮುಂದೆ ಅನುಮಾನ ನಿಲ್ಲದು, ವರದಿ ನಿಲ್ಲುತ್ತದೆ.

ಮಗುವಿನ ಬೆಳವಣಿಗೆ ಕುಂಠಿತವಾಗಿ, ಕಬ್ಬಿಣಾಂಶ ಕೊಟ್ಟರೂ ರಕ್ತಹೀನತೆ ನೀಗದಿದ್ದರೆ ವೈದ್ಯರು ಟಿಟಿಜಿ-ಐಜಿಎ ಪರೀಕ್ಷೆಯನ್ನು, ಜೊತೆಗೆ ಒಟ್ಟು ಐಜಿಎ ಪ್ರಮಾಣವನ್ನು ನೋಡಬೇಕು. ಕೆಲವರಲ್ಲಿ ಐಜಿಎಯೇ ಕಡಿಮೆಯಿದ್ದು, ಕಾಯಿಲೆಯಿದ್ದರೂ ಮೊದಲ ಪರೀಕ್ಷೆ ಇಲ್ಲವೆನ್ನುತ್ತದೆ. ಪೋಷಕರು ಆ ತನಕ ಗೋಧಿ ಬಿಡಿಸಬಾರದು.

ಒಡಹುಟ್ಟಿದವರಲ್ಲೂ ಇದರ ಸಾಧ್ಯತೆ ಹೆಚ್ಚು. ಮಗನ ರಕ್ತವನ್ನು ಮೊನ್ನೆ ಕೊಟ್ಟು ಬಂದಿದ್ದೇವೆ. ವರದಿ ಬರುವವರೆಗೆ ಅವನ ತಟ್ಟೆಗೆ ಚಪಾತಿ ಬಡಿಸುತ್ತಲೇ ಇದ್ದೇನೆ.