ಮಾಗೋಡು ನೋಡಿ ಬಂದು ಮಾತಾಡಲಿ

ಅಕ್ಕಿಆಲೂರಿನ ಚಹಾದಂಗಡಿಗಳಲ್ಲಿ ಬೇಡ್ತಿ ನದಿಯನ್ನು ತಿರುಗಿಸಿ ವರದೆಗೆ ತಂದದ್ದು ಇದು ಎಷ್ಟನೇ ಸಲವೋ. ಕಪ್ಪಿನ ಚಹಾ ಮುಗಿಯುವುದರೊಳಗೆ ಕಾಲುವೆ ತೋಡಿ, ನೀರು ಬಿಟ್ಟು, ಗೋವಿನಜೋಳಕ್ಕೆ ಹಾಯಿಸಿಯೂ ಆಗಿರುತ್ತದೆ. ಆ ಬೇಡ್ತಿಯನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ ಎಂದು ಕೇಳಿದರೆ ಮಾತ್ರ ಎಲ್ಲರೂ ಬಸಿಯ ಕಡೆ ನೋಡುತ್ತಾರೆ!

ಊರಿನ ಗೊಬ್ಬರದಂಗಡಿ ಮಾಲಕರೊಬ್ಬರು ದೀಪಾವಳಿ ವ್ಯಾಪಾರ ಮುಗಿಸಿ ಆ ಕೆಲಸ ಮಾಡಿ ಬಂದರು. ಜೊತೆಗಿದ್ದವರು ಶಿರಸಿ ಸೀಮೆಯ ಅಡಿಕೆ ತೋಟದ ಹಳೇ ಗೆಳೆಯ. ಕಾಲೇಜು ಓದುವಾಗ ಇಬ್ಬರೂ ಒಂದೇ ಖೋಲಿಯಲ್ಲಿದ್ದವರು. ಗೆಳೆಯನ ಜೀಪು, ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ, ಎರಡು ದಿನದ ತಿರುಗಾಟ. ದೂರವೇನೂ ಅಲ್ಲ. ಆಲೂರಿನಿಂದ ಸಮ್ಮಸಗಿ, ಎಕ್ಕಂಬಿ ದಾಟಿದರೆ ಶಿರಸಿ ಬಂತು. ನಮ್ಮ ಮಂದಿ ಗೋವಾಕ್ಕೆ ಹೋಗಿ ಬಂದ ಫೋಟೋ ತೋರಿಸುತ್ತಾರೆ, ಈ ಹಾದಿ ಯಾಕೋ ನೆನಪಾಗುವುದಿಲ್ಲ.

ಯಾಣದ ಕಪ್ಪು ಬಂಡೆಗಳನ್ನು ಕತ್ತೆತ್ತಿ ನೋಡಿದ್ದಾಯಿತು. ಸಹಸ್ರಲಿಂಗದಲ್ಲಿ ಹೊಳೆಯೊಳಗಿನ ಬಂಡೆಗಳಿಗೆ ಕೆತ್ತಿದ ಲಿಂಗ, ನಂದಿಗಳ ನಡುವೆ ಕಾಲು ಇಳಿಬಿಟ್ಟು ಕೂತದ್ದೂ ಆಯಿತು. ನದಿ ಜೋಡಣೆಯ ಕಾಗದಪತ್ರಗಳಲ್ಲಿ ಹೆಸರು ಬರುವ ಶಾಲ್ಮಲೆ ಇದೇ ಹೊಳೆ, ಮುಂದೆ ಬೇಡ್ತಿಯನ್ನು ಸೇರುವಂಥದ್ದು. ಪಟ್ಟಣದಹಳ್ಳವೂ ಹಾಗೆಯೇ.

ಮರುದಿನ ಯಲ್ಲಾಪುರ ದಾಟಿ ಮಾಗೋಡು. ಅಲ್ಲಿ ಬೇಡ್ತಿ ಸುಮಾರು 650 ಅಡಿ ಕೆಳಗೆ ಎರಡು ನೆಗೆತದಲ್ಲಿ ಬೀಳುತ್ತದೆ. ಹತ್ತಿರ ಹೋಗುವ ಮಾತಿಲ್ಲ, ಕಣಿವೆಯ ಈಚೆಯಿಂದಲೇ ನೋಡಬೇಕು. ಆಲೂರಿನ ಮಾಲಕರ ಬಾಯಿಂದ ಮೊದಲು ಬಂದ ಮಾತು: "ಇಷ್ಟ್ ನೀರು ಸುಮ್ನ ಸಮುದ್ರಕ್ಕ ಹೊಂಟೈತಲ್ಲೋ ದೋಸ್ತ!" ಗೆಳೆಯ ಬಿಡಲಿಲ್ಲ: "ಸುಮ್ನೆ ಎಲ್ಲಿ ಹೋಗ್ತದೆ ಮಾರಾಯ? ಕೆಳಗೆ ಊರಿಲ್ವಾ, ತೋಟ ಇಲ್ವಾ, ಮೀನು ಹಿಡಿಯೋರಿಲ್ವಾ? ಇಲ್ಲಿ ಬೇಡ್ತಿ, ಅಂಕೋಲೆ ಕಡೆ ಇದೇ ಗಂಗಾವಳಿ. ಏಪ್ರಿಲ್‌ನಲ್ಲಿ ಬಾ, ಆಗ ಎಷ್ಟು ನೀರು ಬೀಳ್ತದೆ ಎಣಿಸಿ ನೋಡು."

ಜೀಪು ಎಕ್ಕಂಬಿಗೆ ಬರುವ ತನಕ ಜಗಳ ನಿಲ್ಲಲಿಲ್ಲ. ಆದರೆ ಅದು ಒಂದೇ ಬುತ್ತಿ ಉಂಡವರ ಜಗಳ. ಎರಡೂ ಜಿಲ್ಲೆಗಳ ವೇದಿಕೆಗಳ ಮೇಲೆ ನಡೆಯುತ್ತಿರುವುದು ಹಾಗಿಲ್ಲ. 2022ರಲ್ಲಿ ಜೋಡಣೆಯ ಮಾತು ಮತ್ತೆ ಜೋರಾದ ಮೇಲೆ ಹಾವೇರಿ ಕಡೆಯವರಿಗೆ ಶಿರಸಿಯವರು ಹೊಟ್ಟೆಕಿಚ್ಚಿನವರು, ಶಿರಸಿಯವರಿಗೆ ಹಾವೇರಿಯವರು ಕಾಡು ಕಳ್ಳರು.

ಶಿರಸಿಯವರ ಅಂಜಿಕೆ ಕತೆಯಲ್ಲ. ಇದೇ ಬೇಡ್ತಿಗೆ ಕಟ್ಟಬೇಕೆಂದಿದ್ದ ವಿದ್ಯುತ್ ಅಣೆಕಟ್ಟನ್ನು 1980ರ ದಶಕದಲ್ಲಿ ಜನರ ವಿರೋಧದಿಂದಾಗಿ ಕೈಬಿಡಬೇಕಾಯಿತು. 2021ರ ಜುಲೈ ಮಳೆಗೆ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡಗಳೇ ಜಾರಿ ತೋಟ, ರಸ್ತೆ ಎಲ್ಲ ಮಣ್ಣುಪಾಲಾದವು. ಅಂಥ ಮಣ್ಣಿನಲ್ಲಿ ಗುದ್ದಲಿ ಹಾಕುವವರು ಹತ್ತು ಸಲ ವಿಚಾರ ಮಾಡಬೇಕು.

ಹಾಗಂತ ಹಾನಗಲ್ಲ ತಾಲೂಕಿನವರ ತ್ರಾಸು ಸುಳ್ಳೇ? ಭತ್ತಕ್ಕೆ ಹೆಸರಾಗಿದ್ದ ಸೀಮೆಯಲ್ಲಿ ಗೋವಿನಜೋಳ ನಿಂತಿದೆ. ಆಲೂರಿನಲ್ಲಿ ಅಕ್ಕಿ ಊರ ಹೆಸರಿನಲ್ಲಷ್ಟೇ ಉಳಿದೀತು ಎಂದು ಹಿರಿಯರು ನಗುತ್ತಾರೆ, ಆ ನಗೆ ನಗೆಯಲ್ಲ. ಬೇಸಿಗೆಗೆ ವರದೆ ಬತ್ತುತ್ತದೆ, ಬೋರಿನಲ್ಲಿ ಗಾಳಿ ಬರುತ್ತದೆ.

ಆದರೆ ಒಂದು ಲೆಕ್ಕ ಯಾರೂ ಬಿಡಿಸಿ ಹೇಳುತ್ತಿಲ್ಲ. ಬೇಡ್ತಿ ತುಂಬಿ ಹರಿಯುವಾಗ ವರದೆಯೂ ತುಂಬಿಯೇ ಇರುತ್ತಾಳೆ. 2019ರ ಆಗಸ್ಟ್‌ನಲ್ಲಿ ದಂಡೆಯ ಊರುಗಳಿಗೆ ನೀರು ನುಗ್ಗಿದ್ದು ಮರೆತು ಹೋಯಿತೇ? ವರದೆ ಬತ್ತಿದಾಗ ಬೇಡ್ತಿಯೂ ಸೊರಗಿರುತ್ತದೆ. ಹಾಗಾದರೆ ತರುವ ನೀರು ಯಾವ ತಿಂಗಳದ್ದು, ಅದನ್ನು ಇಡುವುದೆಲ್ಲಿ? ಇಡಲು ನೂರಾರು ಕೆರೆಗಳಿವೆ ಎಂದರೆ, ಬಾಳಂಬೀಡದ ಏತ ನೀರಾವರಿ ಮಾಡಿದ್ದು ವರದೆಯ ನೀರಿನಿಂದಲೇ ಆ ಕೆರೆಗಳನ್ನು ತುಂಬಿಸಲೆಂದಲ್ಲವೇ? ಹೂಳು ತುಂಬಿದ ಕೆರೆಗೆ ಯಾವ ನದಿ ತಂದರೂ ಹಿಡಿಯುವುದು ಅಷ್ಟೇ. ಮೊದಲು ಹೂಳು ತೆಗೆಸಿ, ಒತ್ತುವರಿ ಬಿಡಿಸಿ, ಆಮೇಲೆ ನೆರೆಮನೆಯ ಬಾವಿಯ ಮಾತು ಎತ್ತಿದರೆ ಅದಕ್ಕೊಂದು ಮರ್ಯಾದೆ.

ಯೋಜನೆಯ ವರದಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪಂಚಾಯತಿ ಕಟ್ಟೆಯ ಮೇಲೆ ಇಡಲು ಸರ್ಕಾರಕ್ಕೆ ದೊಡ್ಡ ಖರ್ಚೇನಿಲ್ಲ. ಮಳೆಗಾಲದಲ್ಲಿ ಹುಬ್ಬಳ್ಳಿಯಿಂದ ಜೋಗಕ್ಕೆ ವಿಶೇಷ ಬಸ್ಸು ಬಿಡುವ ಸಾರಿಗೆ ಸಂಸ್ಥೆಯವರು ಹಾನಗಲ್ಲದಿಂದ ಮಾಗೋಡಿಗೂ ರವಿವಾರ ಒಂದು ಬಿಟ್ಟು ನೋಡಲಿ. ಮೊದಲನೇ ಟ್ರಿಪ್ಪಿನಲ್ಲಿ ಜೋಡಣೆಯ ಭಾಷಣ ಮಾಡುವ ಮುಖಂಡರಿಗೆ ಮುಂದಿನ ಸೀಟು ಕಾದಿರಿಸಬೇಕು, ಟಿಕೀಟು ಅವರದೇ.

ಅಡಿಕೆ ತೋಟದ ಗೆಳೆಯ ಬರುವ ಏಪ್ರಿಲ್‌ನಲ್ಲಿ ಆಲೂರಿಗೆ ಬರುವುದಾಗಿ ಮಾತು ಕೊಟ್ಟಿದ್ದಾರೆ. ಒಣಗಿದ ವರದೆಯ ಪಾತ್ರದಲ್ಲಿ ನಡೆದು, ಹೂಳಿನ ಕೆರೆಗಳನ್ನೂ ನೋಡಿ ಹೋಗುತ್ತಾರಂತೆ. ಜೀಪಿನಲ್ಲಿ ಇನ್ನೂ ನಾಲ್ಕು ಮಂದಿಗೆ ಜಾಗ ಇದೆ. ಶಿರಸಿಯ ಭಾಷಣಕಾರರು ಯಾರಾದರೂ ಹತ್ತುವುದಿದ್ದರೆ ರೊಟ್ಟಿ ಊಟ ಆಲೂರಿನವರದು.